ಮಂಚದ ಕೆಳಗಿನ ಬೆಕ್ಕು

ಬೀದಿಯ ಆ ಮೂಲೆಯಲ್ಲಿ ಅವರಿಗೆ ಸ್ವಂತ ಅಂಗಡಿಯಿತ್ತು, ಕೈಯಲ್ಲಿ ಸ್ವಂತ ಕಸುಬಿತ್ತು. ಸ್ವಂತ ಹೆಸರು ಮಾತ್ರ ಎಂದೋ ಕಳೆದುಹೋಗಿತ್ತು. ಮದುವೆಯ ಫೋಟೊ, ಓದು ಮುಗಿಸಿದವರ ಸರ್ಟಿಫಿಕೇಟು, ತೀರಿಕೊಂಡವರ ಭಾವಚಿತ್ರ, ಯಾವುದನ್ನೇ ತಂದುಕೊಡಿ, ಮೂಲೆ ಕೂಡುವಲ್ಲಿ ಕೂದಲೆಳೆ ನುಸುಳದ ಹಾಗೆ ಕಟ್ಟು ಹಾಕಿ ಕೊಡುತ್ತಿದ್ದರು. ಆದರೂ ಊರಿಗೆಲ್ಲ ಅವರು 'ಮೇಡಂ ಯಜಮಾನ್ರು'. ಹೆಂಡತಿ ಭಾಷಾ ಶಾಲೆಯಲ್ಲಿ ಫ್ರೆಂಚ್ ಕಲಿಸುತ್ತಿದ್ದರು. ಆಕೆಯ ಕೈಯಲ್ಲಿ ಕಲಿತವರು ಒಬ್ಬರಾದರೂ ಇಲ್ಲದ ಮನೆ ಆ ಸುತ್ತಿನಲ್ಲಿ ಇರಲಿಲ್ಲ. "ಹೂವಿನ ಜೊತೆ ನಾರೂ ಸ್ವರ್ಗ ಸೇರ್ತಂತೆ, ನನ್ನದೂ ಅದೇ ಕಥೆ" ಎಂದು ಅವರೇ ನಗುತ್ತಿದ್ದರು. ಆದ್ದರಿಂದ ನಾವೂ ಅವರನ್ನು ಯಜಮಾನರು ಎಂದೇ ಕರೆಯೋಣ. ಅವರಿಗೇನೂ ಬೇಜಾರಿಲ್ಲ.

ಮದುವೆಯಾಗಿ ಇಬ್ಬರ ತಲೆಯೂ ನರೆತಿತ್ತು, ಆದರೂ ಯಜಮಾನರು ಫ್ರೆಂಚಿನ ಒಂದಕ್ಷರ ಕಲಿತಿರಲಿಲ್ಲ. ಕಲಿಯಲಿಲ್ಲ ಎನ್ನುವುದಕ್ಕಿಂತ, ಹಟ ಹಿಡಿದು ಕಲಿಯದೇ ಉಳಿದರು ಎನ್ನಬೇಕು. ಮಕ್ಕಳಿಲ್ಲದ ಮನೆ. ಸಂಜೆ ಮೇಡಂ ಕನ್ನಡಿಯ ಮುಂದೆ ನಿಂತು ಮರುದಿನದ ಪಾಠವನ್ನು ಕೈಬಾಯಿ ಆಡಿಸಿ ಅಭ್ಯಾಸ ಮಾಡುವಾಗ ಇವರು ಪೇಪರಿನ ಮರೆಯಿಂದ, "ಮುಗೀತಾ ನಿನ್ನ ಗಿಳಿಪಾಠ? ಹೊಟ್ಟೆ ಹಸೀತಿದೆ" ಎನ್ನುತ್ತಿದ್ದರು. "ಗಿಳಿಗಾದ್ರೂ ಕಲಿಯೋ ಆಸೆ ಇರತ್ತೆ. ಕೆಲವ್ರಿಗೆ ಅದೂ ಇಲ್ಲ ನೋಡಿ" ಎಂದು ಮೇಡಂ ಅಲ್ಲಿಂದಲೇ ತಿರುಗಿಸಿ ಕೊಡುತ್ತಿದ್ದರು. ಇಂಥ ಜಗಳಗಳಲ್ಲೇ ಅವರ ಸಂಸಾರ ಸುಖವಾಗಿ ಸಾಗಿತ್ತು.

ಒಂದು ದಿನ ಬೆಳಿಗ್ಗೆ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಮೇಡಂ, "ರೀ, ಸಂಜೆ ಸ್ವಲ್ಪ ಬೇಗ ಅಂಗಡಿ ಮುಚ್ಚಿ ಬನ್ನಿ. ನಿಮ್ಮ ಹತ್ರ ಒಂದು ಮಾತು ಹೇಳ್ಬೇಕು" ಎಂದರು.

"ಈಗ್ಲೇ ಹೇಳಿಬಿಡು."

"ನಿಂತ್ಕೊಂಡು ಹೇಳೋ ಮಾತಲ್ಲ ಅದು. ಕೂತ್ಕೊಂಡು ಹೇಳೋದು."

ಅಷ್ಟು ಹೇಳಿ ಹೋದವರು ಅದೇ ಮಧ್ಯಾಹ್ನ ತರಗತಿಯಲ್ಲಿ, ಕೈಯಲ್ಲಿ ಸೀಮೆಸುಣ್ಣ ಹಿಡಿದೇ ಕುಸಿದುಬಿದ್ದರು.

ಜೀವ ಉಳಿಯಿತು. ಬಲಗೈ ಬಲಗಾಲು ಉಳಿಯಲಿಲ್ಲ, ಮಾತು ಉಳಿಯಲಿಲ್ಲ. ಮನೆಗೆ ಕರೆತಂದು ಮಂಚದ ಮೇಲೆ ದಿಂಬಿಗೆ ಒರಗಿಸಿ ಕೂರಿಸಿದ ಮೇಲೆ ಬಹಳ ದಿನ ಮೇಡಂ ಬಾಯಿಂದ ಗೊರಗೊರ ಸದ್ದು ಬಿಟ್ಟರೆ ಬೇರೇನೂ ಹೊರಡಲಿಲ್ಲ. ಯಜಮಾನರು "ನೀರು ಬೇಕಾ? ಬೆಳಕು ಕಣ್ಣಿಗೆ ಹೊಡೀತಿದ್ಯಾ?" ಎಂದು ಕೇಳಿದರೆ, ಗುರುತಿಲ್ಲದ ಊರಲ್ಲಿ ದಾರಿ ತಪ್ಪಿದವರ ಹಾಗೆ ಪಿಳಿಪಿಳಿ ನೋಡುತ್ತಿದ್ದರು. ಆಮೇಲೊಂದು ಸಂಜೆ ಇದ್ದಕ್ಕಿದ್ದಂತೆ ಮಾತಾಡಿದರು. ಸ್ಪಷ್ಟವಾಗಿ, ನಿಧಾನವಾಗಿ, ಒಂದೊಂದು ಶಬ್ದವನ್ನೂ ತೂಗಿ. ಆದರೆ ಫ್ರೆಂಚಿನಲ್ಲಿ.

"ಕೆಲವ್ರಿಗೆ ಹೀಗಾಗತ್ತೆ" ಎಂದರು ಡಾಕ್ಟರು. "ಮನೆಮಾತು ಹೊರಟುಹೋಗಿ ಕಲಿತ ಮಾತು ಉಳ್ಕೊಳ್ಳತ್ತೆ. ಅದ್ರಲ್ಲೂ ಎಷ್ಟು ಉಳಿದಿದೆ ಅಂತ ಈಗ್ಲೇ ಹೇಳೋಕಾಗಲ್ಲ."

ಡಾಕ್ಟರು ಹೇಳಿದ ಕಡೆಯ ಮಾತು ಯಜಮಾನರ ಕಿವಿಗೆ ಬೀಳಲೇ ಇಲ್ಲ. ಉಳಿದಿದೆ ಎಂಬುದಷ್ಟೇ ಸಾಕಾಯಿತು. ಆ ದಿನ ಕೂತುಕೊಂಡು ಹೇಳಬೇಕಾಗಿದ್ದ ಮಾತನ್ನು ಅವಳು ಈಗ ಹೇಳುತ್ತಿದ್ದಾಳೆ, ಇದು ಅವರ ತಲೆಯಲ್ಲಿ ಬೇರು ಬಿಟ್ಟಿತು. ಯಾಕೆಂದರೆ ಸಂಜೆ ಇವರು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತೊಡನೆ ಮೇಡಂ ಇವರ ಮುಖಕ್ಕೇ ಕಣ್ಣು ನೆಟ್ಟು ಒಂದು ವಾಕ್ಯ ಹೇಳುತ್ತಿದ್ದರು. ಬೇರೆ ಮಾತು ಆಗೊಮ್ಮೆ ಈಗೊಮ್ಮೆ, ಈ ವಾಕ್ಯ ಮಾತ್ರ ದಿನಾ. ಹೇಳಿ ಕಾಯುತ್ತಿದ್ದರು. ಇವರು ಏನೂ ತೋಚದೆ "ಹ್ಞೂಂ" ಎಂದರೆ ಮುಖ ಸಪ್ಪೆಯಾಗುತ್ತಿತ್ತು. ಯಜಮಾನರು ಆ ವಾಕ್ಯವನ್ನು ಅರ್ಥವಾಗದಿದ್ದರೂ ಸದ್ದು ಸದ್ದಾಗಿ ಬಾಯಿಪಾಠ ಮಾಡಿಕೊಂಡರು. ಲ ಶಾ ಎ ಸು ಲ ಲಿ. ಅಂಗಡಿಯಲ್ಲಿ ಗಾಜು ಕೊಯ್ಯುವಾಗಲೂ ಅದೇ, ಮೊಳೆ ಹೊಡೆಯುವಾಗಲೂ ಅದೇ. ಯಾವ ಮಾತಿರಬಹುದು ಅದು? ಯಾವುದಾದರೊಂದು ಅನಾಥ ಮಗುವನ್ನು ತಂದು ಸಾಕೋಣ ಎಂದು ಅವಳು ಕೇಳಿದ ಕಾಲವೊಂದಿತ್ತು. ಇವರು 'ಯಾರದೋ ಮಗು ನಮಗ್ಯಾಕೆ' ಎಂದು ಬಾಯಿ ಮುಚ್ಚಿಸಿದ್ದರು. ಅದರ ಮಾತೇ? ಕ್ಷಮಿಸಿದೆ ಎಂದೇ? ಕ್ಷಮಿಸಲಿಲ್ಲ ಎಂದೇ? ಎರಡರಲ್ಲಿ ಯಾವುದಾದರೂ ಸರಿ, ಕೇಳಲೇಬೇಕಿತ್ತು.

ಮೇಡಂ ಶಿಷ್ಯೆಯೊಬ್ಬಳು ಈಗ ಅವರ ಜಾಗದಲ್ಲಿ ಪಾಠ ಮಾಡುತ್ತಿದ್ದಳು. ಎಲ್ಲರೂ ಅವಳನ್ನು ಚಿಕ್ಕ ಮೇಡಂ ಎನ್ನುತ್ತಿದ್ದರು. ಅವಳು ಒಂದು ಸಂಜೆ ಹಣ್ಣು ಹಿಡಿದುಕೊಂಡು ನೋಡಲು ಬಂದಳು. ಅವಳೆದುರೂ ಮೇಡಂ ಆ ವಾಕ್ಯ ಹೇಳಿದರು. ಹುಡುಗಿ ತಲೆ ತಗ್ಗಿಸಿದಳು, ಕಣ್ಣು ತುಂಬಿ ಬಂತು. ಯಜಮಾನರು ಅದನ್ನು ನೋಡಿದರು. ದೊಡ್ಡ ಮಾತೇ ಇರಬೇಕು, ಇಲ್ಲದಿದ್ದರೆ ಪರರ ಹುಡುಗಿ ಅಳುವುದೇ?

"ಸರ್, ಮೇಡಂ ಹೇಳ್ತಿರೋದು..." ಎಂದು ಅವಳು ಬಾಗಿಲ ಬಳಿ ಬಾಯಿ ತೆರೆದಳು.

"ಬೇಡಮ್ಮ, ಹೇಳ್ಬೇಡ" ಎಂದು ಇವರು ಕೈ ಅಡ್ಡ ಹಿಡಿದರು. "ಗಂಡ ಹೆಂಡ್ತಿ ನಡುವಿನ ಮಾತು. ಮೂರನೆಯವ್ರ ಬಾಯಿಂದ ಕೇಳೋದು ಚೆನ್ನಾಗಿರಲ್ಲ. ನಾನೇ ಕಲಿತು ಕೇಳ್ಕೋತೀನಿ. ನಿನ್ನ ಕ್ಲಾಸಲ್ಲಿ ಒಂದು ಜಾಗ ಇದ್ಯಾ?"

ಚಿಕ್ಕ ಮೇಡಂ ಏನೋ ಹೇಳಹೋಗಿ ನುಂಗಿಕೊಂಡಳು. ಜಾಗ ಇದೆ ಎಂದಳು. ದಿನಾ ಬಂದು ಅಕ್ಕನನ್ನು ನೋಡಿಕೊಳ್ಳುತ್ತಿದ್ದ ನಾದಿನಿ ಮಾತ್ರ, "ಭಾವ, ಅರವತ್ತಕ್ಕೆ ಅರಳು ಮರಳು ಅಂತಾರಲ್ಲ, ಸುಳ್ಳಲ್ಲ. ಫೋನಲ್ಲಿ ರೆಕಾರ್ಡ್ ಮಾಡಿ ಯಾರ ಹತ್ರನಾದ್ರೂ ಅರ್ಥ ಕೇಳಿದ್ರೆ ಮುಗೀತು" ಎಂದಳು. ಯಜಮಾನರು ಅವಳ ಮೇಲೆ ರೇಗಿದರು. ಎಂದೂ ರೇಗದ ಮನುಷ್ಯ ರೇಗಿದ್ದು ನೋಡಿ ಅವಳು ಆ ಮಾತನ್ನು ಮತ್ತೆ ಎತ್ತಲಿಲ್ಲ.

ತರಗತಿಗೆ ಮೇಡಂ ಹಾಕಿಕೊಟ್ಟ ಕಟ್ಟಳೆಯೇ ಇನ್ನೂ ನಡೆಯುತ್ತಿತ್ತು. ಹೊಸ್ತಿಲು ದಾಟಿದ ಮೇಲೆ ಮನೆಮಾತು ಆಡುವಂತಿಲ್ಲ. ಬರೆದುಕೊಳ್ಳುವಂತಿಲ್ಲ. ಕುರ್ಚಿಗಳನ್ನು ಗೋಡೆಯುದ್ದಕ್ಕೂ ಸುತ್ತ ಹಾಕಿದ್ದರು, ನಡುವೆ ಒಂದು ಮೇಜು, ಮೇಜಿನ ಮೇಲೆ ಒಂದು ಬಟ್ಟೆಯ ಚೀಲ. ಚಿಕ್ಕ ಮೇಡಂ ಚೀಲಕ್ಕೆ ಕೈ ಹಾಕಿ ಬೀಗದಕೈ ತೆಗೆಯುವಳು, ಇದೇನು ಎಂದು ಕೇಳುವಳು. ಎಲ್ಲರೂ ಒಟ್ಟಿಗೆ ಹೇಳಬೇಕು, ಆಮೇಲೆ ಅವಳು ತೋರುಬೆರಳು ಚಾಚಿದವರು ಒಬ್ಬೊಬ್ಬರೇ. ಚಮಚ, ಕೊಡೆ, ಬಾಚಣಿಗೆ. ಎದ್ದು ನಿಂತು 'ನಾನು ಎದ್ದು ನಿಲ್ಲುತ್ತೇನೆ' ಎನ್ನಬೇಕು. ಬಾಗಿಲು ತೆರೆಯುತ್ತಾ 'ನಾನು ಬಾಗಿಲು ತೆರೆಯುತ್ತೇನೆ' ಎನ್ನಬೇಕು. ಮೈ ಮಾಡಿದ್ದನ್ನು ನಾಲಿಗೆ ಮರೆಯುವುದಿಲ್ಲ ಎಂಬುದು ಮೇಡಂ ನಂಬಿಕೆ. ಸರಿಯಾಗಿ ಹೇಳಿದವರಿಗೆ "ತ್ರೆ ಬ್ಯಾಂ", ಅಂದರೆ ಭೇಷ್, ಸರದಿ ಪಕ್ಕದವರಿಗೆ. ತಪ್ಪಿದವರಿಗೆ "ಅಂಕೋರ್", ಅಂದರೆ ಇನ್ನೊಮ್ಮೆ.

ಯಜಮಾನರಿಗೆ ಮೊದಮೊದಲು ಸಿಕ್ಕಿದ್ದೆಲ್ಲ ಅಂಕೋರೇ. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದವರ ಹಾಗೆ ಕ್ಯಾಕರಿಸಿ ಹೇಳಬೇಕಾದ ಅಕ್ಷರವೊಂದು, ಶಿಳ್ಳೆ ಹಾಕುವವರ ಹಾಗೆ ತುಟಿ ಚೂಪು ಮಾಡಿ ಹೇಳಬೇಕಾದ್ದು ಇನ್ನೊಂದು. ಇವರು ಶಿಳ್ಳೆಯ ಕಡೆ ಗಮನ ಕೊಟ್ಟರೆ ಮುಳ್ಳು ಮರೆಯುತ್ತಿತ್ತು. ಪಕ್ಕದಲ್ಲಿ ಕೂರುತ್ತಿದ್ದ ನರ್ಸಮ್ಮ ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಗುವಳು. ನಗಲಿ ಎಂದು ಇವರು ಬಿಟ್ಟರು. ಒಮ್ಮೆ 'ನಾನು ಕಿಟಕಿ ತೆರೆಯುತ್ತೇನೆ' ಎಂದು ಗಟ್ಟಿಯಾಗಿ ಸಾರಿ ಬಾಗಿಲು ತೆರೆದು ಹೊರಗೆ ಹೋಗಿಬಿಟ್ಟರು. ಒಳಗೆ ಎಲ್ಲರೂ ಬಿದ್ದು ಬಿದ್ದು ನಗುವಾಗ ಹೊರಗೆ ನಿಂತು ತಾವೂ ನಕ್ಕರು. ಹೆಂಡತಿ ಬಿದ್ದ ಮೇಲೆ ಅದೇ ಮೊದಲು ಅವರು ನಕ್ಕಿದ್ದು. ಕೂಡಲೇ ನಾಚಿಕೆಯಾಯಿತು.

ಇಷ್ಟು ವರ್ಷ ಅವಳು ಪ್ರತಿದಿನ ಮಾಡಿದ್ದು ಈ ಕೆಲಸವೇ ಎಂದು ಅವರಿಗೆ ಈಗ ಗೊತ್ತಾಯಿತು. ಇಷ್ಟೊಂದು ಜನರ ಬಾಯನ್ನು ಒಂದೊಂದಾಗಿ ತಿದ್ದುವುದು, ಬೇಸರವಿಲ್ಲದೆ ಇನ್ನೊಮ್ಮೆ ಎನ್ನುವುದು. ಇದನ್ನು ಗಿಳಿಪಾಠ ಎಂದಿದ್ದೆನಲ್ಲ ಎಂದು ಸಂಕಟಪಟ್ಟರು. ಆ ಸಂಕಟದಲ್ಲೇ ಮತ್ತಷ್ಟು ಹಟದಿಂದ ಕಲಿತರು. ಅಂಗಡಿಯಲ್ಲಿ ಸುತ್ತಿಗೆಗೆ, ಗೋಂದಿಗೆ, ಗಾಜಿಗೆ ಎಲ್ಲಕ್ಕೂ ಇದೇನು ಇದೇನು ಎಂದು ಕೇಳಿಕೊಂಡರು.

ಆ ದಿನದ ಪಾಠ, ಯಾವುದು ಎಲ್ಲಿದೆ ಎಂದು ಹೇಳುವುದು. ಚಿಕ್ಕ ಮೇಡಂ ಚೀಲದಿಂದ ಒಂದು ಚಿಂದಿಬಟ್ಟೆಯ ಬೆಕ್ಕನ್ನು ತೆಗೆಯುವ ಮೊದಲು ಯಾಕೋ ಒಂದು ಗಳಿಗೆ ಯಜಮಾನರ ಕಡೆ ನೋಡಿದಳು. ಆಮೇಲೆ ಪುಸ್ತಕ ಮೇಜಿನ ಮೇಲಿದೆ, ಕೊಡೆ ಬಾಗಿಲ ಹಿಂದಿದೆ ಎಂದೆಲ್ಲ ಆಯಿತು. ಬೆಕ್ಕನ್ನು ಕುರ್ಚಿಯ ಕೆಳಗಿಟ್ಟು ಹೇಳಿಸಿದಳು. ಕೊನೆಗೆ ಗೋಡೆಯ ಮೇಲೆ ಮಂಚದ ಚಿತ್ರ ತೂಗುಹಾಕಿ, ಬೆಕ್ಕನ್ನು ಅದರ ಕೆಳಗೆ ಹಿಡಿದು, ಸಣ್ಣ ದನಿಯಲ್ಲಿ ಹೇಳಿದಳು:

"ಲ ಶಾ ಎ ಸು ಲ ಲಿ."

ತರಗತಿಯೆಲ್ಲ ಒಕ್ಕೊರಲಿನಿಂದ ಅದನ್ನೇ ಹೇಳಿತು. ಬೆಕ್ಕು ಮಂಚದ ಕೆಳಗಿದೆ.

ಯಜಮಾನರು ಬಾಯಿ ತೆರೆಯಲಿಲ್ಲ. ಅವರು ಎದೆಯಲ್ಲಿಟ್ಟು ಕಾಪಾಡಿಕೊಂಡು ಬಂದ ಮಾತನ್ನು ನರ್ಸಮ್ಮ ಹೇಳುತ್ತಿದ್ದಳು, ಹೋಟೆಲಿನ ಹುಡುಗಿ ಹೇಳುತ್ತಿದ್ದಳು, ಮೂಲೆಯಲ್ಲಿ ಕೂತ ದಢೂತಿ ಡ್ರೈವರು ಹೇಳುತ್ತಿದ್ದ. ಬೆಕ್ಕು ಮಂಚದ ಕೆಳಗಿದೆ. ಅವರ ಮನೆಯಲ್ಲಿ ಎಂದೂ ಬೆಕ್ಕೇ ಇರಲಿಲ್ಲ. ಮನೆಯಲ್ಲಿ ಅವಳಾಡುತ್ತಿದ್ದ ಉಳಿದ ಮಾತುಗಳೂ ಈಗ ಒಂದೊಂದಾಗಿ ಗುರುತು ಸಿಕ್ಕವು. ಅದು ಚಮಚದ ಪಾಠ, ಇದು ಕೊಡೆಯ ಪಾಠ. ಮಗುವಿನ ಮಾತಿರಲಿಲ್ಲ, ಕ್ಷಮೆಯ ಮಾತಿರಲಿಲ್ಲ, ತಮ್ಮ ಮಾತೇ ಇರಲಿಲ್ಲ. ತಮ್ಮ ಸರದಿ ಬಂದಾಗ ಅವರು ಎದ್ದು, ಏನೂ ಹೇಳದೆ, ಬಾಗಿಲು ತೆರೆದು ಹೊರಗೆ ಹೋದರು. ಈ ಸಲ ಯಾರೂ ನಗಲಿಲ್ಲ.

ಚಿಕ್ಕ ಮೇಡಂ ಪಡಸಾಲೆಗೆ ಓಡಿಬಂದಳು.

"ನಿನಗೆ ಅವತ್ತೇ ಗೊತ್ತಿತ್ತಲ್ಲಮ್ಮ?"

"ಗೊತ್ತಿತ್ತು ಸರ್. ಹೇಳೋಣ ಅಂದ್ಕೊಂಡೆ, ನೀವು ಬೇಡ ಅಂದ್ರಿ. ಆಮೇಲೆ ನೀವು ಕಲಿಯೋದು ನೋಡಿ ನನಗೆ ಬಾಯೇ ಬರ್ಲಿಲ್ಲ. ಈ ಪಾಠ ಮುಂದಕ್ಕೆ ಹಾಕ್ತಾ ಹಾಕ್ತಾ ಬಂದೆ." ಅವಳು ಅಳುತ್ತಿದ್ದಳು. "ಬೇರೇನಾದ್ರೂ ಉಳಿದಿರಬಹುದು ಸರ್. ಯಾರಿಗೆ ಗೊತ್ತು?"

"ಇಲ್ಲ ಬಿಡು" ಎಂದರು ಯಜಮಾನರು. "ಇದ್ದಿದ್ರೆ ಇಷ್ಟು ಹೊತ್ತಿಗೆ ಹೇಳಿರೋಳು. ಅವಳು ಮಾತು ಒಳಗಿಟ್ಕೊಳ್ಳೋ ಜಾತಿ ಅಲ್ಲ."

ಅವರು ತರಗತಿಗೆ ಹೋಗುವುದನ್ನು ಬಿಟ್ಟರು. ಸಂಜೆ ಮಂಚದ ಪಕ್ಕ ಕೂತರೂ ಮುಖ ಗೋಡೆಗೆ. ಮೇಡಂ ಎಂದಿನಂತೆ ವಾಕ್ಯ ಹೇಳುವರು, ಕಾಯುವರು. ಒಂದು ದಿನ ಇವರಿಗೆ ತಡೆಯಲಾಗಲಿಲ್ಲ. "ಬೆಕ್ಕಿಲ್ಲ ಕಣೇ! ಈ ಮನೇಲಿ ಬೆಕ್ಕೂ ಇಲ್ಲ, ಏನೂ ಇಲ್ಲ! ನನಗೆ ಹೇಳ್ಬೇಕಾದ್ದು ಏನಿತ್ತು, ಅದನ್ನ ಹೇಳು!" ಎಂದು ಕೂಗಿದರು. ಮೇಡಂ ಬೆಚ್ಚಿದರು. ಆಮೇಲೆ ಎಡಗೈ ಎತ್ತಿ, ತೋರುಬೆರಳನ್ನು ಇವರತ್ತ ಚಾಚಿ, ಹಾಗೇ ಹಿಡಿದುಕೊಂಡು ಕೂತರು. ಬೆರಳು ಇಳಿಯಲಿಲ್ಲ. ಅದು ಹೆಂಡತಿಯ ಬೆರಳಲ್ಲ, ಪಾಠ ಕೇಳುವ ಮೇಡಂ ಬೆರಳು ಎಂದು ಯಜಮಾನರಿಗೆ ತರಗತಿಯಿಂದಾಗಿ ಗೊತ್ತಿತ್ತು. ಉತ್ತರ ಬರುವವರೆಗೆ ಅದು ಇಳಿಯುವುದಲ್ಲ.

ಸೋತು ಹೇಳಿದರು. ಮುಳ್ಳು, ಶಿಳ್ಳೆ ಎಲ್ಲ ಮರೆತು ಬರೀ ಹೇಳಿದರು: "ಲ ಶಾ ಎ ಸು ಲ ಲಿ."

ಮೇಡಂ ಮುಖ ಅರಳಿತು. ಆ ಮುಖವನ್ನು ಯಜಮಾನರು ನೋಡಿ ಎಷ್ಟು ಕಾಲವಾಗಿತ್ತು! "ತ್ರೆ ಬ್ಯಾಂ" ಎಂದರು ಮೇಡಂ. ಎಂದವರೇ ಕಣ್ಣನ್ನೂ ಬೆರಳನ್ನೂ ಇವರಿಂದ ಕಿತ್ತು ಪಕ್ಕಕ್ಕೆ ತಿರುಗಿಸಿ, ಬಟ್ಟೆಯ ಬೀರುವನ್ನು ಬೆಕ್ಕು ಎಲ್ಲಿದೆ ಎಂದು ಕೇಳಿದರು. ಇವರ ಸರದಿ ಮುಗಿದಿತ್ತು. ಬೀರು ಉತ್ತರ ಕೊಡಲಿಲ್ಲ. ಮೇಡಂ ಮತ್ತೆ ಕೇಳಿದರು, ಮತ್ತೆ ಕೇಳಿದರು, ಕೊನೆಗೆ ಕಂಗಾಲಾಗಿ ಅಳುವ ಹಾಗಾದರು. ಯಜಮಾನರು ದಡಬಡ ಕುರ್ಚಿ ಎಳೆದುಕೊಂಡು ಹೋಗಿ ಬೀರುವಿನ ಮುಂದೆ ಕೂತು ಉತ್ತರ ಕೊಟ್ಟರು. ಭೇಷ್. ಸರದಿ ಕಿಟಕಿಗೆ ಹೋಯಿತು. ಕಿಟಕಿಯ ಮುಂದೆ ಹೋಗಿ ಕೂತರು. ಹೀಗೆ ಆ ಸಂಜೆ ಕೋಣೆಯಲ್ಲಿದ್ದ ಸಾಮಾನುಗಳೆಲ್ಲದರ ಪರವಾಗಿ ಒಬ್ಬರೇ ಇಡೀ ತರಗತಿಯಾದರು.

ಕೆಲವು ಸಂಜೆ ಹೀಗೇ ನಡೆಯಿತು. ಒಮ್ಮೆ ಓಡಾಡಿ ಸುಸ್ತಾಗಿ ಯಜಮಾನರು ನಿಜಕ್ಕೂ ತಪ್ಪಿ, ಬೆಕ್ಕು ಮಂಚದ ಮೇಲಿದೆ ಎಂದುಬಿಟ್ಟರು. ಮೇಡಂ ಹುಬ್ಬು ಗಂಟಿಕ್ಕಿದರು. ಸರದಿ ಮುಂದೆ ಹೋಗಲಿಲ್ಲ. ಇವರನ್ನೇ ನೋಡಿದರು, ಬಾಯನ್ನು ನೋಡಿದರು, ಮತ್ತೆ ಕಣ್ಣನ್ನು ನೋಡಿದರು. "ಅಂಕೋರ್" ಎಂದರು. ಇವರು ಗಾಬರಿಯಲ್ಲಿ ಮತ್ತೆ ತಪ್ಪಿದರು. ಆಗ ಮೇಡಂ ಎಡಗೈ ಚಾಚಿ ಇವರ ಗದ್ದ ಹಿಡಿದು, ಹೆಬ್ಬೆರಳಿನಿಂದ ತುಟಿ ಒತ್ತಿ ಆಕಾರ ತಿದ್ದಿ ತೋರಿಸಿದರು. ಬಿದ್ದ ದಿನದಿಂದ ಇತ್ತ, ಎತ್ತಿ ಕೂರಿಸಿದಾಗ, ಮೈ ಒರೆಸಿದಾಗ ಇವರು ಅವಳನ್ನು ಮುಟ್ಟಿದ್ದರೇ ಹೊರತು ಅವಳಾಗಿ ಇವರನ್ನು ಮುಟ್ಟಿದ್ದು ಅದೇ ಮೊದಲು. ಯಜಮಾನರು ಆ ಕೈಯಡಿ ಅಲುಗದೆ ಕೂತರು.

ಅಂದಿನಿಂದ ಅವರು ಸರಿಯಾದ ಉತ್ತರ ಹೇಳುವುದನ್ನು ಬಿಟ್ಟರು. ಬೆಕ್ಕು ಮೇಜಿನ ಮೇಲೆ, ಬೆಕ್ಕು ಬಾಗಿಲ ಹಿಂದೆ, ಮಂಚದ ಕೆಳಗೆ ನಾಯಿ, ಮಂಚದ ಕೆಳಗೆ ಕೊಡೆ. ಒಂದೇ ತಪ್ಪನ್ನು ದಿನಾ ಮಾಡಿದರೆ ಮೇಡಂ ಬೇಸತ್ತು ತಾವೇ ಉತ್ತರ ಹೇಳಿ ಮುಂದೆ ಹೋಗುತ್ತಿದ್ದರು, ಆದ್ದರಿಂದ ಹೊಸ ಹೊಸ ತಪ್ಪು ಬೇಕಿತ್ತು. ಹೊಸ ತಪ್ಪಿಗೆ ಹೊಸ ಪಾಠ ಬೇಕು. ಯಜಮಾನರು ತರಗತಿಗೆ ಮರಳಿದರು. ಅಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೇಳಿ ಭೇಷ್ ಅನ್ನಿಸಿಕೊಂಡು, ಮನೆಗೆ ಬಂದು ಅದನ್ನೇ ಕೆಡಿಸಿ ಹೇಳುತ್ತಿದ್ದರು. ಚಿಕ್ಕ ಮೇಡಂ ಒಮ್ಮೆ ಮನೆಗೆ ಬಂದವಳು ಬಾಗಿಲಲ್ಲೇ ಇದನ್ನು ಕೇಳಿ, ಸರಿಯಾದದ್ದನ್ನು ಹೇಳಿಕೊಡಲು ಹೋದಳು. ಯಜಮಾನರು ತಿರುಗದೆ, ಬೆನ್ನ ಹಿಂದೆ ಕೈ ಆಡಿಸಿ ಸುಮ್ಮನಿರು ಎಂದರು. ಅವಳು ನೋಡಿದಳು. ಮೇಡಂ ಕೈ ಇವರ ಗದ್ದದ ಮೇಲಿತ್ತು. ಹುಡುಗಿ ಚಪ್ಪಲಿ ಮೆಟ್ಟಿ ಸದ್ದಿಲ್ಲದೆ ಹೊರಟುಹೋದಳು.

ಚಳಿ ಶುರುವಾದ ಮೇಲೆ ಮೇಡಂ ಸೊರಗುತ್ತಾ ಬಂದರು. ಊಟ ಅರ್ಧಕ್ಕಿಳಿಯಿತು, ನಿದ್ದೆ ಹೆಚ್ಚಾಯಿತು. ಡಾಕ್ಟರು ಬಂದು ನೋಡಿ ಔಷಧಿ ಬದಲಿಸಿದರು. ಆದರೂ ಸಂಜೆ ಕುರ್ಚಿ ಎಳೆದ ಸದ್ದು ಕೇಳಿದರೆ ಕಣ್ಣು ತೆರೆದು ಪಾಠಕ್ಕೆ ಅಣಿಯಾಗುತ್ತಿದ್ದರು.

ಅಂಥ ಒಂದು ಸಂಜೆ ಬೆಕ್ಕು ಎಲ್ಲಿದೆ ಎಂದು ಕೇಳಿದರು. ಯಜಮಾನರು ಬೆಕ್ಕು ಬೀರುವಿನ ಮೇಲಿದೆ ಎಂದು ಹೇಳಿ, ಗದ್ದವನ್ನು ಸ್ವಲ್ಪ ಮುಂದಕ್ಕೆ ಚಾಚಿ ಕಾದರು. ಕೈ ಬರಲಿಲ್ಲ.

"ತ್ರೆ ಬ್ಯಾಂ" ಎಂದರು ಮೇಡಂ. ಕಣ್ಣು ಕಿಟಕಿಯ ಕಡೆ ಹೊರಳಿತು.

ಕೇಳಿಸಿರಲಿಕ್ಕಿಲ್ಲ ಎಂದುಕೊಂಡರು ಯಜಮಾನರು. ಹತ್ತಿರ ಬಗ್ಗಿ, ಗಟ್ಟಿಯಾಗಿ, ಮೊದಲ ದಿನ ಕಲಿತ ಮಗುವೂ ಹೇಳದಂಥ ತಪ್ಪು ಹೇಳಿದರು. ಮಂಚ ಬೆಕ್ಕಿನ ಕೆಳಗಿದೆ. "ತ್ರೆ ಬ್ಯಾಂ" ಎಂದರು ಮೇಡಂ, ಕಿಟಕಿಯತ್ತಲೇ ನೋಡುತ್ತಾ. ಜೀವಮಾನದಲ್ಲಿ ಒಬ್ಬರ ಒಂದು ತಪ್ಪನ್ನೂ ಹಾಗೇ ಬಿಟ್ಟವಳಲ್ಲ ಅವಳು. ಯಜಮಾನರಿಗೆ ದುಃಖ ಉಮ್ಮಳಿಸಿ ಬಂತು. ಆಸ್ಪತ್ರೆಯಲ್ಲಿ ಅಳದವರು, ಪಡಸಾಲೆಯಲ್ಲಿ ಅಳದವರು, ಅಲ್ಲಿ ಆ ಕುರ್ಚಿಯಲ್ಲಿ ಕೂತು ಬಾಯಿಬಿಟ್ಟು ಅತ್ತರು. ಅಡುಗೆಮನೆಯಲ್ಲಿದ್ದ ನಾದಿನಿ ಬಾಗಿಲವರೆಗೆ ಬಂದು, ನೋಡಿ, ಹಾಗೇ ಹಿಂದೆ ಸರಿದಳು.

ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡು ಕುರ್ಚಿಯನ್ನು ಕಿಟಕಿಗೂ ಮಂಚಕ್ಕೂ ನಡುವೆ ಹಾಕಿಕೊಂಡು ಕೂತರು. ಗೋಂದು ಹಿಡಿದು ಒರಟಾದ ಬೆರಳುಗಳಿಂದ ಅವಳ ಗದ್ದವನ್ನು ಮೆಲ್ಲಗೆ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು. "ಉ ಎ ಲ ಶಾ?" ಎಂದು ಕೇಳಿದರು. ಬೆಕ್ಕು ಎಲ್ಲಿದೆ? ತಪ್ಪಿಲ್ಲದೆ, ಮುಳ್ಳಿನ ಸದ್ದು ಮುಳ್ಳಿಗೆ, ಶಿಳ್ಳೆಯ ಸದ್ದು ಶಿಳ್ಳೆಗೆ ಕೂಡುವ ಹಾಗೆ, ಅವಳೇ ಕಲಿಸಿದಂತೆ, ವಾಕ್ಯವನ್ನು ಒಮ್ಮೆ ಪೂರ್ತಿ ಹೇಳಿ ತೋರಿಸಿದರು. ಮೇಡಂ ಅವರ ಬಾಯನ್ನು ನೋಡಿದರು. ತುಟಿ ಅಲುಗಿತು, ಸದ್ದು ಹೊರಡಲಿಲ್ಲ.

"ಅಂಕೋರ್" ಎಂದರು ಯಜಮಾನರು. ಹೊರಗೆ ಕತ್ತಲಾಗುತ್ತಿತ್ತು. ದೀಪ ಹಾಕಲು ಎದ್ದರೆ ಗದ್ದ ಬಿಡಬೇಕಾಗುತ್ತಿತ್ತು, ಆದ್ದರಿಂದ ಏಳದೆ ಕಾಯುತ್ತಾ ಕೂತರು.